ಅಳುವುದಕ್ಕೂ ಜ್ವರದ ಚೀಟಿ: ಕಾರ್ಮಿಕ ಸಚಿವರಿಗೆ ಒಬ್ಬ ಅಪ್ಪನ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಪೀಣ್ಯದಲ್ಲಿ ಬೇರಿಂಗ್ ಮಾರುವ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೆಂಡತಿ ಗಾರ್ಮೆಂಟ್ಸಿನಲ್ಲಿ ಟೈಲರ್. 2024ರ ಗಣೇಶ ಹಬ್ಬಕ್ಕೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ನಮ್ಮ ಮಗಳು ತೀರಿಕೊಂಡಳು. ಅವಳಿಗೆ 8 ವರ್ಷ. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಬರೆಯುತ್ತೇನೆ.

ಈ ಪತ್ರದಲ್ಲಿ ಯಾರ ಮೇಲೂ ದೂರು ಇಲ್ಲ. ಪರಿಹಾರವನ್ನೂ ಕೇಳುತ್ತಿಲ್ಲ. ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು. ನಮ್ಮ ಮ್ಯಾನೇಜರ್ ಕೆಟ್ಟವರಲ್ಲ. ನಾನು ಬರೆಯುತ್ತಿರುವುದು ರಜೆಯ ಬಗ್ಗೆ. ಮಗಳನ್ನು ಕಳೆದುಕೊಂಡವನು ರಜೆಯ ಲೆಕ್ಕ ಹಾಕುತ್ತಾನಾ ಅಂತ ನಿಮಗೆ ಅನ್ನಿಸಬಹುದು. ನನಗೂ ನಾಚಿಕೆಯೇ ಆಗಿತ್ತು. ಅದಕ್ಕೇ ವರ್ಷಕ್ಕಿಂತ ಜಾಸ್ತಿ ಸುಮ್ನೆ ಇದ್ದೆ.

ಪುಟ್ಟಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದದ್ದು 2023ರ ಜುಲೈನಲ್ಲಿ. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸುವ ಕ್ಯಾನ್ಸರ್ ಇದೇ ಅಂತೆ. ಪೂರ್ತಿ ಚಿಕಿತ್ಸೆಗೆ ಎರಡು ವರ್ಷದ ಮೇಲೆ ಬೇಕು, ಬಹಳ ಮಕ್ಕಳು ಗುಣ ಆಗುತ್ತಾರೆ, ಧೈರ್ಯವಾಗಿರಿ ಅಂದರು ಡಾಕ್ಟರು. ಸುಳ್ಳೇನೂ ಹೇಳಲಿಲ್ಲ ಅವರು. ನಮ್ಮ ಪಕ್ಕದ ಬೆಡ್ಡಿನ ಹುಡುಗ ಈಗ ಸ್ಕೂಲಿಗೆ ಹೋಗುತ್ತಿದ್ದಾನೆ. ಪುಟ್ಟಿಗೆ ಮಾತ್ರ ಹದಿನಾಲ್ಕನೇ ತಿಂಗಳಲ್ಲಿ ಬಿಳಿ ರಕ್ತಕಣಗಳ ಕೌಂಟ್ ತೀರಾ ಇಳಿದಿದ್ದಾಗ ಸೋಂಕು ತಗುಲಿತು. ಮೂರು ದಿನ. ಅದರ ಬಗ್ಗೆ ಬರೆಯುವುದಿಲ್ಲ.

ಆ ಹದಿನಾಲ್ಕು ತಿಂಗಳಲ್ಲಿ ನನ್ನ ರಜೆಗಳು ಹೇಗೆ ಖರ್ಚಾದವು ಅನ್ನುವುದಕ್ಕೆ ನನ್ನ ಹತ್ತಿರ ಪಕ್ಕಾ ದಾಖಲೆ ಇದೆ. ಅಡುಗೆಮನೆಯ ಬಾಗಿಲ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರು. ನಾನು ಕೆಲಸಕ್ಕೆ ಹೋಗದ ದಿನ ಬಂದರೆ ಪುಟ್ಟಿ ಸ್ಟೂಲ್ ಹಾಕಿಕೊಂಡು ಹತ್ತಿ, ಆ ತಾರೀಕಿನ ಚೌಕದಲ್ಲಿ ನೇರಳೆ ಸ್ಕೆಚ್ ಪೆನ್ನಿನಿಂದ ‘ಅಪ್ಪ ಮನೇಲಿ’ ಅಂತ ಬರೆಯುತ್ತಿದ್ದಳು. ಚೌಕ ಚಿಕ್ಕದು, ಅವಳ ಅಕ್ಷರ ದೊಡ್ಡದು. ‘ಲಿ’ ಯಾವಾಗಲೂ ಮಾರನೇ ದಿನದ ಚೌಕಕ್ಕೆ ಹೋಗಿಬಿಡುತ್ತಿತ್ತು. ಅಸಲಿಗೆ ಅವತ್ತು ನಾವಿಬ್ಬರೂ ಮನೆಯಲ್ಲಿ ಇರುತ್ತಲೇ ಇರಲಿಲ್ಲ, ಬೆಳಿಗ್ಗೆ ಆರಕ್ಕೆ ಹೊರಟು ಕೀಮೋಗೆ ಹೋಗುತ್ತಿದ್ದೆವು. ಅವಳ ಲೆಕ್ಕದಲ್ಲಿ ಅಪ್ಪ ಆಫೀಸಿಗೆ ಹೋಗಿಲ್ಲ ಅಂದರೆ ಅಪ್ಪ ಮನೇಲಿ, ಅಷ್ಟೇ.

2024ರ ಕ್ಯಾಲೆಂಡರಿನಲ್ಲಿ ಜೂನ್ ಹಾಳೆ ಮುಗಿಯುವಷ್ಟರಲ್ಲಿ ನನ್ನ ವರ್ಷದ ರಜೆ ಪೂರ್ತಿ ಖಾಲಿ. ನಮ್ಮಂಥ ಕಂಪನಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ನಿಮಗೆ ಗೊತ್ತಿರುವುದೇ. ಇಪ್ಪತ್ತು ದಿನ ದುಡಿದರೆ ಒಂದು ದಿನ ಗಳಿಕೆ ರಜೆ. ಅದರ ಮೇಲೆ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನ. ಹೆಂಡತಿಗೆ ಅಷ್ಟೂ ಇರಲಿಲ್ಲ. ಆಗಿನ ಫ್ಯಾಕ್ಟರಿ ಕಾಯ್ದೆಯಲ್ಲಿ ಇದ್ದದ್ದು ಗಳಿಕೆ ರಜೆ ಮಾತ್ರ.

ಮಗುವಿಗೆ ದೊಡ್ಡ ಕಾಯಿಲೆ ಬಂದರೆ ಅಪ್ಪ ಅಮ್ಮ ಇರೋ ರಜೆಯನ್ನೆಲ್ಲ ಮಗು ಬದುಕಿದ್ದಾಗಲೇ ಸುರಿದುಬಿಡುತ್ತಾರೆ. ಸುರಿಯಲೇಬೇಕು, ಅಲ್ವಾ? ಹೋದ ಮೇಲೆ ಬೇಕಾಗುತ್ತದೆ ಅಂತ ಯಾರಾದರೂ ನಾಲ್ಕು ದಿನ ಎತ್ತಿಡುತ್ತಾರಾ? ಹಾಗೆ ಎತ್ತಿಡುವ ಕೈ ಎಂಥದ್ದಿರಬೇಕು?

ಪುಟ್ಟಿಯನ್ನು ಊರಿಗೆ ಕರೆದುಕೊಂಡು ಹೋದೆವು. ಕುಣಿಗಲ್ ಹತ್ತಿರ ನಮ್ಮದೊಂದು ತುಂಡು ಹೊಲ ಇದೆ. ಹುಣಸೆಮರದ ಪಕ್ಕ ಮಣ್ಣು ಮಾಡಿದೆವು. ಚಿಕ್ಕ ಮಗು, ಮೂರನೇ ದಿನ ಹಾಲು ತುಪ್ಪ ಬಿಟ್ಟು ಮುಗಿಸಿಬಿಡಿ, ಹನ್ನೊಂದನೇ ದಿನದ್ದೆಲ್ಲ ಬೇಡ ಅಂದರು ದೊಡ್ಡಪ್ಪ. ಮಗು ಚಿಕ್ಕದಾದಷ್ಟೂ ಸೂತಕವೂ ಚಿಕ್ಕದು ಅನ್ನುವುದು ಹಿರಿಯರ ಲೆಕ್ಕ. ಯಾರು ಮಾಡಿದ ಲೆಕ್ಕವೋ, ಮಗುವನ್ನು ಕಳೆದುಕೊಂಡವರಂತೂ ಮಾಡಿರಲಾರರು. ನನ್ನ ಹೆಂಡತಿ ಒಪ್ಪಲಿಲ್ಲ. ‘ಹನ್ನೊಂದು ದಿನ ನಾನು ಇಲ್ಲಿಂದ ಏಳಲ್ಲ’ ಅಂದಳು. ಎದ್ದೂ ಇಲ್ಲ. ಅಷ್ಟೂ ದಿನ ನಮ್ಮ ಮನೆಯಲ್ಲಿ ಒಲೆ ಉರಿಯಲಿಲ್ಲ. ಒಬ್ಬೊಬ್ಬರ ಮನೆಯಿಂದ ಮುದ್ದೆ, ಸಾರು ಬಂತು. ಯಾರೂ ಏನೂ ಕೇಳಲಿಲ್ಲ. ಬಂದರು, ಜಗಲಿಯ ಮೇಲೆ ಕೂತರು, ಎದ್ದು ಹೋದರು.

ಹಳ್ಳಿಯಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಲು ಬಂದಿಲ್ಲ ನಾನು. ‘ಇನ್ನೊಂದು ಆಗುತ್ತೆ ಬಿಡು’ ಅಂತ ನನ್ನ ಹೆಂಡತಿಯ ಮುಖದ ಮೇಲೇ ಅಂದವರೂ ಅಲ್ಲೇ ಇದ್ದರು. ಆದರೆ ಸಾವಿನ ಮನೆಯವರನ್ನು ಇಷ್ಟು ದಿನ ಯಾವ ಕೆಲಸಕ್ಕೂ ಕರೆಯಬಾರದು ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಅರ್ಜಿ ಬೇಡ. ಸೂತಕ ಅಂದರೆ ಮೈಲಿಗೆ ಅನ್ನುವ ಅರ್ಥ ನನಗೆ ಹಿಡಿಸುವುದಿಲ್ಲ. ಇವರನ್ನು ಸ್ವಲ್ಪ ದಿನ ಅವರ ಪಾಡಿಗೆ ಬಿಡಿ ಅಂತ ನಾನು ಓದಿಕೊಳ್ಳುತ್ತೇನೆ.

ಪೀಣ್ಯಕ್ಕೆ ಸೂತಕ ಇಲ್ಲ. 11ನೇ ತಾರೀಕು ಜಿಎಸ್‌ಟಿಆರ್-1 ಅನ್ನುವ ತಿಂಗಳ ಮಾರಾಟದ ತೆರಿಗೆ ಲೆಕ್ಕ ಸಲ್ಲಿಸಲು ಕೊನೆಯ ದಿನ. ಅವತ್ತು ಪುಟ್ಟಿ ಹೋಗಿ ಒಂಬತ್ತನೇ ದಿನ. ಮಧ್ಯಾಹ್ನ ಆಫೀಸಿನ ಹುಡುಗ ಫೋನ್ ಮಾಡಿದ. ‘ಸರ್, ಸಾರಿ ಸರ್, ಓಟಿಪಿ ಬಂದಿರುತ್ತೆ ನೋಡ್ತೀರಾ?’ ನಮ್ಮ ಕಂಪನಿಯ ಓಟಿಪಿ ಬರುವುದು ನನ್ನ ನಂಬರಿಗೆ. ಆರು ಅಂಕಿ ಓದಿ ಹೇಳಿದೆ. ಅವನು ಆಚೆಯಿಂದ ತಿರುಗಿ ಓದಿದ. ನಾನು ಸರಿ ಅಂದೆ. ‘ಥ್ಯಾಂಕ್ಸ್ ಸರ್, ಸಾರಿ ಸರ್’ ಅಂದ ಇನ್ನೊಂದು ಸಲ. ಪಾಪ, ಅವನದೇನು ತಪ್ಪು. ರಿಟರ್ನ್ ತಡವಾದರೆ ದಂಡ ಬೀಳುತ್ತದೆ. ಸರ್ಕಾರಕ್ಕೆ ಕೊಡಬೇಕಾದ ಲೆಕ್ಕಕ್ಕೆ ಕೊನೆಯ ದಿನ ಇದೆ, ಅದು ಯಾರಿಗೂ ನಿಲ್ಲುವುದಿಲ್ಲ.

ಸೆಪ್ಟೆಂಬರ್ ತಿಂಗಳ ಸಂಬಳದ ಚೀಟಿಯಲ್ಲಿ ಒಂದು ಸಾಲು ಇತ್ತು. ಎಲ್‌ಒಪಿ: 9. ಅಂದರೆ ಸಂಬಳವಿಲ್ಲದ ರಜೆ, ಒಂಬತ್ತು ದಿನ. ನಾನೇ ಲೆಕ್ಕ ಬರೆಯುವವನು, ಆ ಒಂಬತ್ತನ್ನು ನಾನೇ ಕೂಡಿಸಿ ನೋಡಿದೆ. ಸರಿಯಾಗಿಯೇ ಇತ್ತು. ಮಧ್ಯದಲ್ಲಿ ಗಣೇಶ ಹಬ್ಬದ ದಿನಕ್ಕೆ ಮಾತ್ರ ಸಂಬಳ ಕೊಟ್ಟಿದ್ದರು, ಯಾಕೆಂದರೆ ಹಬ್ಬದ ರಜೆಗೆ ನಮ್ಮ ರಾಜ್ಯದಲ್ಲಿ 1963ರಿಂದ ಕಾಯ್ದೆ ಇದೆ. ಆ ಚೀಟಿ ಈಗಲೂ ಪುಟ್ಟಿಯ ಮರಣ ಪ್ರಮಾಣಪತ್ರದ ಜೊತೆ ಒಂದೇ ಫೈಲಿನಲ್ಲಿದೆ. ಬೇಕೆಂದು ಇಟ್ಟದ್ದಲ್ಲ. ಎರಡೂ ಒಂದೇ ವಾರ ಕೈಗೆ ಬಂದವು.

ನನ್ನದು ಒಂಬತ್ತು ದಿನದ ದುಡ್ಡಿನ ಮಾತು. ಹೆಂಡತಿಯದು ಹಾಗಲ್ಲ.

ಊರಿಂದ ವಾಪಸ್ ಬಂದ ಮೇಲೆ ಅವಳಿಗೆ ಫ್ಯಾಕ್ಟರಿಗೆ ಹೋಗಲು ಆಗಲಿಲ್ಲ. ಎರಡು ದಿನ ಹೊರಟಳು, ಬಸ್ ಸ್ಟಾಪಿನಿಂದ ತಿರುಗಿ ಬಂದಳು. ಸ್ಕೂಲ್ ವ್ಯಾನ್ ಬರುವುದೂ ಅದೇ ಹೊತ್ತಿಗೆ. ಇನ್ನು ಗೈರುಹಾಜರಿ ಆದರೆ ಕೆಲಸವೇ ಹೋಗುತ್ತದೆ ಅಂತ ಜೊತೆಯವರು ಹೇಳಿದರು. ಇಎಸ್‌ಐ ಇದೆಯಲ್ಲ, ಅಲ್ಲಿ ಕೇಳು ಅಂದರು. ಕಾರ್ಮಿಕರ ರಾಜ್ಯ ವಿಮೆ ಅದು. ಇಎಸ್‌ಐನಲ್ಲಿ ಕಾಯಿಲೆ ಬಿದ್ದ ಕಾರ್ಮಿಕರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಒಳ್ಳೆಯ ಸೌಲಭ್ಯ. ಆದರೆ ಕಾಯಿಲೆ ಇರಬೇಕು, ಅದೂ ತನ್ನದೇ ಕಾಯಿಲೆ.

ದವಾಖಾನೆಗೆ ನಾನೂ ಹೋಗಿದ್ದೆ. ಯಾವ ದವಾಖಾನೆ ಅಂತ ಬರೆಯುವುದಿಲ್ಲ, ಆ ಡಾಕ್ಟರಮ್ಮನಿಗೆ ತೊಂದರೆ ಆಗುವುದು ಬೇಡ. ‘ಏನಮ್ಮ, ಏನಾಗ್ತಿದೆ?’ ಅಂದರು. ಇವಳು ‘ಏನಿಲ್ಲ ಮೇಡಂ’ ಅಂದಳು. ಥರ್ಮಾಮೀಟರ್ ಇಟ್ಟರು. ‘ಜ್ವರ ಇಲ್ವಲ್ಲಮ್ಮ.’ ಬಿಪಿ ನೋಡಿದರು. ಇವಳು ಏನೂ ಹೇಳದೆ ಕೂತಿದ್ದಳು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಕೊನೆಗೆ ನಾನು ಬಾಯಿಬಿಟ್ಟೆ. ಮಗಳು ಹೋಗಿ ಹದಿನೈದು ದಿನ ಆಯಿತು ಮೇಡಂ ಅಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ಇವಳ ಕೈ ಹಿಡಿದುಕೊಂಡು ಕೂತರು. ಆಮೇಲೆ ಪೆನ್ನು ತೆಗೆದುಕೊಂಡು ಬರೆದರು: ವೈರಲ್ ಜ್ವರ, ಏಳು ದಿನ ವಿಶ್ರಾಂತಿ.

ದಾರಿಯಲ್ಲಿ ಇವಳು ಆ ಚೀಟಿಯನ್ನು ಎರಡು ಸಲ ತೆಗೆದು ನೋಡಿದಳು. ‘ರೀ, ಪುಟ್ಟಿ ಹೆಸರು ಎಲ್ಲೂ ಇಲ್ವಲ್ಲ’ ಅಂದಳು.

ಸಚಿವರೇ, ನಾನು ಈ ಪತ್ರ ಬರೆಯಲು ಕಾರಣ ಆ ಚೀಟಿ. ಸಂಬಳ ಹೋದದ್ದು ಹೇಗೋ ಆಗುತ್ತದೆ, ಚೀಟಿ ಹಾಕಿ, ಸಾಲ ಮಾಡಿ ಬದುಕುವವರು ನಾವು. ಆದರೆ ಮಗು ಸತ್ತ ತಾಯಿ ಮನೆಯಲ್ಲಿ ಕೂತು ಅಳುವುದಕ್ಕೆ ಜ್ವರ ಅಂತ ಸುಳ್ಳು ಬರೆಸಿಕೊಂಡು ಬರಬೇಕಾಯಿತು. ಆ ಸುಳ್ಳು ಡಾಕ್ಟರಮ್ಮನದಲ್ಲ, ಇವಳದೂ ಅಲ್ಲ. ರಜೆ ಕೇಳುವ ಫಾರಂನಲ್ಲಿ ನಿಜ ಬರೆಯಲು ಜಾಗವೇ ಇರಲಿಲ್ಲ.

ಏಳು ದಿನ ಆದ ಮೇಲೆ ಫ್ಯಾಕ್ಟರಿಗೆ ಹೋದಳು. ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತಾ? ಮಿಷನ್ ನಿಲ್ಲಿಸಿ ಮುರಿದ ಚೂರುಗಳನ್ನೆಲ್ಲ ಹುಡುಕಬೇಕು. ಸಿಕ್ಕ ಚೂರುಗಳನ್ನು ಜೋಡಿಸಿ, ಪೂರ್ತಿ ಸೂಜಿ ಆಯಿತಾ ಅಂತ ನೋಡಿ, ರಿಜಿಸ್ಟರಿನಲ್ಲಿ ಅಂಟಿಸಿ, ತಾರೀಕು, ಹೊತ್ತು, ಮಿಷನ್ ನಂಬರ್ ಬರೆದ ಮೇಲೇ ಹೊಸ ಸೂಜಿ ಕೊಡುವುದು. ಒಂದು ಚೂರು ಸಿಗಲಿಲ್ಲ ಅಂದರೂ ಬಟ್ಟೆ ಮುಂದೆ ಹೋಗುವುದಿಲ್ಲ. ಹಾಕಿಕೊಳ್ಳುವವರಿಗೆ ಚುಚ್ಚಬಾರದಲ್ಲ. ಸರಿಯಾದ ನಿಯಮವೇ. ವಾಪಸ್ ಹೋದ ಮೊದಲ ದಿನ ಇವಳು ಮೂರು ಸೂಜಿ ಮುರಿದಳು. ಮೂರನೆಯದರ ತುದಿ ಸಿಗಲೇ ಇಲ್ಲ. ಲೈನಿನವರೆಲ್ಲ ಬಗ್ಗಿ ನೆಲ ಹುಡುಕುತ್ತಿದ್ದರೆ ಸೂಪರ್‌ವೈಸರ್ ‘ಏನಾಗಿದೆ ಇವತ್ತು ನಿಂಗೆ?’ ಅಂದರಂತೆ. ಇವಳು ‘ಜ್ವರ ಇತ್ತು ಸರ್’ ಅಂದಳಂತೆ. ಚೀಟಿಯಲ್ಲಿ ಹಾಗೇ ಬರೆದಿತ್ತಲ್ಲ, ಬೇರೆ ಹೇಳಿದರೆ ಎಲ್ಲಿ ತೊಂದರೆ ಆಗುತ್ತೋ ಅಂತ ಹೆದರಿಕೆ.

ಸರ್ಕಾರಕ್ಕೆ ಈ ದುಃಖ ಹೊಸದೇನೂ ಅಲ್ಲ ಅನ್ನುವುದು ಆಮೇಲೆ ನಾನೇ ಹುಡುಕಿ ಓದಿದಾಗ ತಿಳಿಯಿತು. ಗರ್ಭಪಾತವಾದ ಹೆಣ್ಣುಮಕ್ಕಳಿಗೆ ಆರು ವಾರದ ಸಂಬಳ ಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ ಒಂದು ಆದೇಶ ಹೊರಡಿಸಿತು. ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿದರೆ ಅಥವಾ ಹುಟ್ಟಿದ 28 ದಿನದೊಳಗೆ ತೀರಿಕೊಂಡರೆ ತಾಯಿಗೆ 60 ದಿನ ವಿಶೇಷ ರಜೆ. ತಾಯಿಯ ಮನಸ್ಸಿಗೆ ಆಗುವ ಆಘಾತವೇ ಕಾರಣ ಅಂತ ಅದರಲ್ಲೇ ಹೇಳಿದ್ದಾರೆ. ಓದಿ ಸಮಾಧಾನ ಆಯಿತು. ಆಮೇಲೆ ಯೋಚನೆಯೂ ಬಂತು. 28 ದಿನದ ಮಗುವಿಗೆ 60 ದಿನ. 8 ವರ್ಷದ ಮಗುವಿಗೆ? ಕೇಂದ್ರ ಸರ್ಕಾರದ ಕೆಲಸ ಇಲ್ಲದ ತಾಯಿಗೆ? ಅಪ್ಪನಿಗೆ?

ಬ್ರಿಟನ್ನಿನಲ್ಲಿ ಇದಕ್ಕೇ ಒಂದು ಕಾನೂನಿದೆ. 2010ರಲ್ಲಿ ಜ್ಯಾಕ್ ಅನ್ನುವ ಪುಟ್ಟ ಮಗು ಸತ್ತುಹೋಯಿತು. ಅದರ ತಾಯಿ ಲೂಸಿ ಹರ್ಡ್ ವರ್ಷಗಟ್ಟಲೆ ಓಡಾಡಿದರು. 2018ರಲ್ಲಿ ಕಾಯ್ದೆ ಆಯಿತು, 2020ರ ಏಪ್ರಿಲ್ 6ರಿಂದ ಜಾರಿಗೆ ಬಂತು. 18 ವರ್ಷದೊಳಗಿನ ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮ ಇಬ್ಬರಿಗೂ ಎರಡು ವಾರ ರಜೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಈ ಹಕ್ಕು. ಅಲ್ಲಿಯ ಜನ ಅದನ್ನು ಜ್ಯಾಕ್ ಕಾನೂನು ಅಂತಲೇ ಕರೆಯುತ್ತಾರೆ. ನನಗೆ ತುಂಬ ಹಿಡಿಸಿದ್ದು ಅದರಲ್ಲಿನ ಒಂದು ಅಂಶ. ಎರಡು ವಾರವನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕು ಅಂತಿಲ್ಲ. ಒಂದು ವಾರ ಈಗ, ಇನ್ನೊಂದು ಆಮೇಲೆ, ಹೇಗಾದರೂ ಸರಿ, 56 ವಾರದೊಳಗೆ. ವರ್ಷಕ್ಕೆ 52 ವಾರ. ಅಂದರೆ ಮಗುವಿನ ಹುಟ್ಟಿದ ದಿನವೂ ವರ್ಷದ ತಿಥಿಯೂ ಅದರೊಳಗೇ ಬರುತ್ತವೆ. ಈ ಲೆಕ್ಕ ಮಾತ್ರ ಗೊತ್ತಿರುವವರು ಮಾಡಿದ್ದು ಅನ್ನಿಸಿತು.

ನೀವೂ ರಜೆಯ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. 2025ರ ಅಕ್ಟೋಬರ್‌ನಲ್ಲಿ ನಿಮ್ಮ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಸರ್ಕಾರಿ ಕಚೇರಿ, ಐಟಿ, ಗಾರ್ಮೆಂಟ್ಸ್ ಎಲ್ಲಕ್ಕೂ. ಅದು ಕೋರ್ಟಿನ ಮೆಟ್ಟಿಲೂ ಹತ್ತಿತು, ಅದು ಬೇರೆ ಮಾತು. ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾಗದೆ ‘ಹೊಟ್ಟೆನೋವು’, ‘ತಲೆನೋವು’ ಅಂತ ಬರೆಯುತ್ತಿದ್ದ ಕಾರಣಕ್ಕೆ ಅದರ ನಿಜವಾದ ಹೆಸರು ಕೊಟ್ಟಿರಿ. ನಾನು ಕೇಳುತ್ತಿರುವುದೂ ಅದನ್ನೇ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯಕ್ಕೂ ಕಾನೂನು ಮಾಡುವ ಅಧಿಕಾರ ಇದೆ. ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ, ಹೇಗೂ ನಿಯಮಗಳಿಗೆ ಕೈ ಹಾಕುವ ಕಾಲ ಇದು.

ಮಗು ತೀರಿಕೊಂಡರೆ ತಾಯಿಗೂ ತಂದೆಗೂ ಸಂಬಳ ಸಹಿತ ಕನಿಷ್ಠ 15 ದಿನ ರಜೆ ಕೊಡಿ. ಬೇರೆ ರಜೆ ಎಷ್ಟು ಉಳಿದಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇರಬಾರದು. ವರ್ಷದೊಳಗೆ ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಬಿಡಿ. ಮಗುವಿಗೆ ಇಷ್ಟೇ ವಯಸ್ಸು ಅಂತ ಗೆರೆ ಎಳೆಯಬೇಡಿ, ಮೂವತ್ತು ವರ್ಷದ ಮಗ ಹೋದರೂ ಅಮ್ಮ ಅಮ್ಮನೇ. ದಿನಗೂಲಿಯವರಿಗೆ, ಡೆಲಿವರಿ ಹುಡುಗರಿಗೆ ರಜೆ ಅನ್ನುವ ಮಾತೇ ಇಲ್ಲ. ಅವರಿಗೆ ಕಟ್ಟಡ ಕಾರ್ಮಿಕರ ಮಂಡಳಿ, 2025ರ ಗಿಗ್ ಕಾರ್ಮಿಕರ ಕಾಯ್ದೆ ಇಂಥ ದಾರಿಗಳಿಂದ ಅಷ್ಟು ದಿನದ ಕೂಲಿ ತಲುಪುವಂತೆ ಮಾಡಿ. ಅದನ್ನು ಹೇಗೆ ಮಾಡಬೇಕು ಅಂತ ನನಗಿಂತ ನಿಮ್ಮ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು.

ದುರುಪಯೋಗ ಆಗುತ್ತದೆ ಅಂತ ಮಾಲೀಕರು ಹೇಳಬಹುದು. ಅಜ್ಜಿ ಸತ್ತಳು ಅಂತ ಒಂದೇ ಅಜ್ಜಿಯನ್ನು ನಾಲ್ಕು ಸಲ ಸಾಯಿಸಿ ಊರಿಗೆ ಹೋದವರನ್ನು ನಾನೂ ನೋಡಿದ್ದೇನೆ. ಆದರೆ ರಜೆಗೋಸ್ಕರ ನನ್ನ ಮಗು ಸತ್ತಿದೆ ಅಂತ ಯಾರಾದರೂ ಬಾಯಲ್ಲಿ ಅಂದಾರಾ? ಬಿಡ್ತು ಅನ್ನಿ. ಹಾಗೂ ಅನುಮಾನ ಇದ್ದರೆ ಮರಣ ಪ್ರಮಾಣಪತ್ರ ಇದ್ದೇ ಇದೆ. ಅದನ್ನೂ ಆಮೇಲೆ ಕೇಳಲಿ, ಮೊದಲನೇ ದಿನವೇ ಬೇಡ.

ಕೆಲಸಕ್ಕೆ ಬಂದರೆ ಮನಸ್ಸು ಹಗುರ ಆಗುತ್ತೆ ಅಂತಲೂ ಹೇಳುತ್ತಾರೆ. ನಮ್ಮ ಮ್ಯಾನೇಜರೂ ಹಾಗೇ ಅಂದರು, ಒಳ್ಳೆಯ ಮನಸ್ಸಿನಿಂದಲೇ ಅಂದರು. ನಿಜ ಹೇಳಬೇಕಂದರೆ ನನಗೆ ಸ್ವಲ್ಪ ಹಾಗೇ ಆಯಿತು. ಅಂಕಿ ಕೂಡುವಾಗ ಬೇರೆ ಏನೂ ನೆನಪಾಗುತ್ತಿರಲಿಲ್ಲ. ಆದರೆ ಅದು ನನಗೆ. ಹೆಂಡತಿಗೆ ಆಗಲಿಲ್ಲ. ರಜೆ ಅಂದರೆ ಮನೆಯಲ್ಲಿ ಕೂತೇ ಇರಬೇಕು ಅಂತ ಅಲ್ಲವಲ್ಲ. ಬೇಕಾದವರು ತೆಗೆದುಕೊಳ್ಳಲಿ.

ಇಷ್ಟು ವರ್ಷ ಇದನ್ನು ಯಾರೂ ಯಾಕೆ ಕೇಳಲಿಲ್ಲ ಅಂತ ನಾನು ಯೋಚಿಸಿದ್ದೇನೆ. ಉತ್ತರ ಕೊಟ್ಟದ್ದು ಹೆಂಡತಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಕೇಂದ್ರ ತಂದಿದ್ದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬೇಕು. ಎರಡೇ ದಿನದಲ್ಲಿ ಕೇಂದ್ರ ನಿಯಮ ವಾಪಸ್ ತೆಗೆದುಕೊಂಡಿತು. ಇವಳೂ ಆ ಗುಂಪಿನಲ್ಲಿದ್ದಳು. ಆಗ ಪುಟ್ಟಿ ಕೈಕೂಸು, ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದಳು. ಮೊನ್ನೆ ಈ ಪತ್ರದ ವಿಷಯ ಹೇಳಿದಾಗ ಅಂದಳು: ‘ಪಿಎಫ್ ಎಲ್ಲರಿಗೂ ಇತ್ತು, ಅದಕ್ಕೆ ಎಲ್ಲರೂ ಬಂದ್ವಿ. ಇದಕ್ಕೆ ಯಾರು ಬರ್ತಾರೆ ರೀ? ಮಗು ಹೋದೋರು ಒಂದು ಫ್ಯಾಕ್ಟರೀಲಿ ಒಬ್ಬರೋ ಇಬ್ಬರೋ. ಅವರಿಗೂ ಎದ್ದು ನಿಲ್ಲೋಕೆ ಆಗಬೇಕಲ್ಲ.’

ಅವಳಿಗೆ ಎದ್ದು ನಿಲ್ಲಲು ಆದದ್ದು ಈಗೀಗ. ಹಾಗಾಗಿ ಇಬ್ಬರ ಪರವಾಗಿ ನಾನು ಬರೆಯುತ್ತಿದ್ದೇನೆ.

2024ರ ಕ್ಯಾಲೆಂಡರು ಇನ್ನೂ ಅಲ್ಲೇ ತೂಗುತ್ತಿದೆ. ಪುಟ್ಟಿಗೆ ಅದರಲ್ಲಿ ಕೆಂಪಕ್ಷರದ ದಿನಗಳು ಗೊತ್ತಿದ್ದವು. ಅವು ನನಗೆ ಗ್ಯಾರಂಟಿ ರಜೆ ಅಂತಲೂ ಗೊತ್ತಿತ್ತು. ಅವಳು ಹೋದ ಮೇಲೆ ಒಂದು ದಿನ ಮುಂದಿನ ಹಾಳೆಗಳನ್ನು ತಿರುಗಿಸಿದೆ. ಯಾವಾಗ ಕೂತು ಬರೆದಿದ್ದಳೋ, ಗಣೇಶ ಹಬ್ಬದ ಚೌಕದಲ್ಲಿ ‘ಅಪ್ಪ ಮನೇಲಿ’. ಅಕ್ಟೋಬರ್ 2ರಲ್ಲಿ ‘ಅಪ್ಪ ಮನೇಲಿ’. ನವೆಂಬರ್ 1, ರಾಜ್ಯೋತ್ಸವ, ಆ ವರ್ಷ ದೀಪಾವಳಿಯೂ ಅದರ ಜೊತೆಗೇ ಬಂದಿತ್ತು. ಅಲ್ಲೂ ಅದೇ, ‘ಲಿ’ ಎರಡನೇ ತಾರೀಕಿನ ಚೌಕಕ್ಕೆ ಹೋಗಿದೆ.

ಅವತ್ತು ನಾನು ಮನೇಲೇ ಇದ್ದೆ.

ಇಂತಿ,
ಪುಟ್ಟಿಯ ಅಪ್ಪ
ಲಗ್ಗೆರೆ, ಬೆಂಗಳೂರು